ಬೆತ್ತದ ಕತ್ತಿ, ಉಕ್ಕಿನ ಶಿರಸ್ತ್ರಾಣ: ಮಧ್ಯಯುಗದ ಕವಚಕಾಳಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಓಹಾಯೋದಲ್ಲಿ ಕೆಲಸಕ್ಕಿದ್ದುಕೊಂಡು, ಬಿಡುವಿನ ಶನಿವಾರಗಳಂದು ಕವಚ ತೊಟ್ಟು ಹೊಡೆದಾಡುವ ನನ್ನನ್ನು ಊರಿನ ನೆಂಟರು, ಇಲ್ಲಿನ ಕನ್ನಡದ ಗೆಳೆಯರು ಮತ್ತು ಹೊಸದಾಗಿ ಸೇರಬಯಸುವವರು ಕೇಳುತ್ತ ಬಂದ ಪ್ರಶ್ನೆಗಳಿವು. ಉತ್ತರಗಳು ಮುಖ್ಯವಾಗಿ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರೊನಿಸಮ್, ಅಂದರೆ ಎಲ್ಲರೂ ಎಸ್‌ಸಿಎ ಎಂದು ಕರೆಯುವ, ಮಧ್ಯಯುಗದ ಬದುಕನ್ನು ಮತ್ತೆ ಆಡಿ ನೋಡುವ ಹವ್ಯಾಸಿಗಳ ಸಂಸ್ಥೆಯ, ಬೆತ್ತದ ಆಯುಧಗಳ ಕವಚಕಾಳಗಕ್ಕೆ ಸಂಬಂಧಿಸಿವೆ. ಬೇರೆ ಪದ್ಧತಿಯ ಮಾತು ಬಂದಲ್ಲಿ ಅದನ್ನು ಹೆಸರಿಸಿ ಹೇಳಿದ್ದೇನೆ. ಅಳತೆಗಳು ಸಂಸ್ಥೆಯ ಸಾಮಾನ್ಯ ನಿಯಮದವು. ‘ಕಿಂಗ್‌ಡಮ್’ ಎಂದು ಕರೆಯಲಾಗುವ ಅದರ ಪ್ರಾಂತಗಳು ಇವನ್ನು ಇನ್ನಷ್ಟು ಬಿಗಿಗೊಳಿಸಿರಬಹುದು.

## ಮೊದಲು ಕೇಳುವವು

ಇದು ನಾಟಕವೋ, ಆಟವೋ? ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡಿರ್ತಾರಾ?

ಎರಡೂ ಬಗೆಯವು ಇವೆ. 1066ರ ಅಕ್ಟೋಬರ್ 14ರಂದು ಹೇಸ್ಟಿಂಗ್ಸ್‌ನಲ್ಲಿ ನಡೆದ ಕದನವನ್ನು ಇಂಗ್ಲೆಂಡಿನಲ್ಲಿ ಅದೇ ನೆಲದ ಮೇಲೆ ಮತ್ತೆ ಆಡಿ ತೋರಿಸುವಾಗ ಇಂಗ್ಲಿಷರ ಹ್ಯಾರಲ್ಡ್ ದೊರೆ ಸಾಯಲೇಬೇಕು, ಫ್ರಾನ್ಸಿನಿಂದ ದಂಡೆತ್ತಿ ಬಂದ ನಾರ್ಮನ್ನರು ಗೆಲ್ಲಲೇಬೇಕು. ಬಯಲಾಟದಲ್ಲಿ ದುರ್ಯೋಧನ ಗೆಲ್ಲುವುದಿಲ್ಲವಲ್ಲ, ಹಾಗೆ. ಎಸ್‌ಸಿಎ ಕಾಳಗದಲ್ಲಿ ಇಂಥ ಕಥೆಯಿಲ್ಲ. 1966ರ ಮೇ 1ರಂದು ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಒಂದು ಮನೆಯ ಹಿತ್ತಲಿನಲ್ಲಿ ಗೆಳೆಯರು ಏರ್ಪಡಿಸಿದ ಪಂದ್ಯದಿಂದ ಹುಟ್ಟಿದ ಈ ಆಟದಲ್ಲಿ ಗೆಲುವು ಸೋಲು ಮೈದಾನದಲ್ಲೇ ತೀರ್ಮಾನವಾಗುತ್ತವೆ. ಎಷ್ಟರಮಟ್ಟಿಗೆ ಎಂದರೆ, ಕ್ರೌನ್ ಟೂರ್ನಮೆಂಟಿನಲ್ಲಿ ಗೆದ್ದವರೇ ಮುಂದಿನ ಕೆಲವು ತಿಂಗಳು ಆ ಪ್ರಾಂತದ ದೊರೆಯಾಗುತ್ತಾರೆ. ಆದ್ದರಿಂದ ಇದನ್ನು ಮಧ್ಯಯುಗದ ಉಡುಪಿನಲ್ಲಿ ಆಡುವ ಕ್ರೀಡೆ ಎಂದರೆ ತಪ್ಪಾಗದು, ಆದರೆ ಆ ಉಡುಪನ್ನು ಬರೀ ಅಲಂಕಾರ ಎಂದುಕೊಂಡರೆ ಕೈಬೆರಳು ಊದಿಸಿಕೊಂಡು ಮನೆಗೆ ಹೋಗಬೇಕಾಗುತ್ತದೆ.

ಬೆತ್ತದಲ್ಲಿ ಹೊಡೆದಾಡೋದು ಅಂದರೆ ಮಕ್ಕಳಾಟ ಅಲ್ಲವಾ?

ಮೇಷ್ಟ್ರ ಕೈಯಲ್ಲಿರುತ್ತಿದ್ದ ಬೆತ್ತವನ್ನು ನೆನೆದು ಈ ಪ್ರಶ್ನೆ ಕೇಳುವವರೇ ಹೆಚ್ಚು. ಗಿಡದ ಜಾತಿ ಅದೇ, ನಮ್ಮ ಮಲೆನಾಡಿನ ಕಾಡಿನಲ್ಲಿ ಬೆಳೆಯುವ ಬಳ್ಳಿತಾಳೆಯ ಬಳಗವೇ. ಆದರೆ ಇಲ್ಲಿ ಬಳಸುವ ಕೋಲು ಕನಿಷ್ಠ ಒಂದೂಕಾಲು ಇಂಚು, ಅಂದರೆ ಸುಮಾರು 32 ಮಿಲಿಮೀಟರ್ ದಪ್ಪವಿರಬೇಕು. ಅದನ್ನು ಭುಜ ಮತ್ತು ಸೊಂಟದ ಬಲ ಸೇರಿಸಿ ಬೀಸಿದಾಗ, ಕವಚವಿಲ್ಲದ ಮೊಣಕೈ ಮುರಿಯಲು ಒಂದೇ ಏಟು ಸಾಕು.

ಬೆತ್ತವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಅದು ಹಾಳಾಗುವ ರೀತಿ. ಬಿದಿರು ಸೀಳಿದರೆ ಚೂರಿಯಂಥ ಸೀಳು ಹೊರಬರುತ್ತದೆ, ಗಟ್ಟಿ ಮರ ಮುರಿದರೆ ಮೊನೆಯಾದ ತುಂಡು ಹಾರುತ್ತದೆ. ಒಳಗೆ ಪೊಳ್ಳಿಲ್ಲದ, ನಾರಿನಿಂದಲೇ ತುಂಬಿದ ಬೆತ್ತವು ಏಟು ತಿಂದು ತಿಂದು ಮೆತ್ತಗಾಗಿ, ಕೊನೆಗೆ ಸವೆದ ಹಿಡಿಕಡ್ಡಿ ಪೊರಕೆಯ ಹಾಗೆ ಬಿಡಿಸಿಕೊಳ್ಳುತ್ತದೆಯೇ ಹೊರತು ತುಂಡಾಗಿ ಸಿಡಿಯುವುದಿಲ್ಲ. ಹೊಡೆದಾಟಕ್ಕೆ ಮೊದಲು ಕೋಲಿನ ಮೇಲೆ ಅಂಗೈ ಒತ್ತಿ ಜಾರಿಸಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿರಿ. ಕೋಲಿಗೆ ಸುತ್ತಿದ ಟೇಪಿನ ಕೆಳಗೆ ಎಲ್ಲಿ ಮೆತ್ತಗಾಗಿದೆಯೋ ಅಲ್ಲಿ ಕೋಲು ಸತ್ತಿದೆ ಎಂದರ್ಥ.

ಕತ್ತಿ ಕತ್ತರಿಸೋದಿಲ್ಲ ಅಂದಮೇಲೆ ಯಾರು ಸತ್ತರು ಅಂತ ಹೇಳೋರು ಯಾರು?

ಏಟು ತಿಂದವನೇ ಹೇಳಬೇಕು. ಇದು ಈ ಕಾಳಗದ ಬೆನ್ನೆಲುಬು, ಹೊಸಬರಿಗೆ ಅತ್ಯಂತ ವಿಚಿತ್ರವಾಗಿ ಕಾಣುವುದೂ ಇದೇ. ಪಂಚನು ಅಂಕ ಕೊಡುವುದಿಲ್ಲ, ಹೊಡೆದವನು ಹಕ್ಕು ಸಾಧಿಸುವಂತಿಲ್ಲ.

ತೀರ್ಮಾನಕ್ಕೆ ಒಂದು ಸಮಾನ ಅಳತೆಗೋಲಿದೆ. ನೀವು ಮೈಮೇಲೆ ಏನನ್ನೇ ತೊಟ್ಟಿದ್ದರೂ, ದಪ್ಪ ಹೊಲಿಗೆಯಂಗಿಯ ಮೇಲೆ ಉಕ್ಕಿನ ಬಳೆಗಳನ್ನು ಹೆಣೆದ ಕವಚ, ಕೈಕಾಲಿಗೆ ಕಾಯಿಸಿ ಗಟ್ಟಿಮಾಡಿದ ಚರ್ಮ, ತಲೆಗೆ ಮೂಗುಪಟ್ಟಿಯಿರುವ ಮುಖತೆರೆದ ಶಿರಸ್ತ್ರಾಣ ತೊಟ್ಟಿದ್ದೀರಿ ಎಂದೇ ಭಾವಿಸಬೇಕು. ಅಂಥ ಕವಚವನ್ನು ಭೇದಿಸುವಷ್ಟು ಬಲವಾಗಿ, ಅಲಗಿನ ಕಡೆಯಿಂದಲೇ ಏಟು ಬಿತ್ತೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳುತ್ತೀರಿ. ತಲೆ, ಕುತ್ತಿಗೆ ಅಥವಾ ಮುಂಡಕ್ಕೆ ಬಿದ್ದರೆ ‘ಗುಡ್’ ಎಂದು ಕೂಗಿ ಬೀಳುತ್ತೀರಿ. ತೋಳಿಗೆ ಬಿದ್ದರೆ ಆ ಕೈ ಹೋಯಿತು. ತೊಡೆಗೆ ಬಿದ್ದರೆ ಮೊಣಕಾಲೂರಿ ಹೋರಾಟ ಮುಂದುವರಿಸುತ್ತೀರಿ. ಮೊಣಕಾಲಿಗಾಗಲಿ ಅದರ ಕೆಳಗಾಗಲಿ ಹೊಡೆಯುವಂತಿಲ್ಲ. ಊಹೆಯ ಶಿರಸ್ತ್ರಾಣದಲ್ಲಿ ಮುಖ ತೆರೆದೇ ಇರುವುದರಿಂದ ಮುಖಕ್ಕೆ ಬಂದ ತಿವಿತ ಹಗುರವಾಗಿದ್ದರೂ ಮಾರಕ ಎಂಬುದನ್ನು ಹೊಸಬರು ಮರೆಯುತ್ತಾರೆ.

ಏಟು ಬಿದ್ದರೂ ಒಪ್ಪದವರಿಗೆ ಇಲ್ಲಿ ಘೇಂಡಾಮೃಗದ ಚರ್ಮದವರು ಎಂದು ಹೆಸರು. ನಾವು ಎಮ್ಮೆ ಚರ್ಮ ಎನ್ನುತ್ತಿದ್ದೆವು. ಅಂಥವರಿಗೆ ಶಿಕ್ಷೆಗಿಂತ ಮೊದಲು ಒದಗುವುದು ಒಂಟಿತನ: ಅವರೊಡನೆ ಅಭ್ಯಾಸಕ್ಕೆ ಯಾರೂ ನಿಲ್ಲುವುದಿಲ್ಲ.

ಅಣ್ಣಾ, ಮೊದಲನೇ ದಿನಕ್ಕೇ ಹೆಲ್ಮೆಟ್, ಕವಚ ಎಲ್ಲಾ ಆರ್ಡರ್ ಮಾಡಿಬಿಡಲಾ?

ಬೇಡ. ಮೊದಲ ಎರಡು ಮೂರು ತಿಂಗಳು ಏನನ್ನೂ ಕೊಳ್ಳದಿರುವುದು ಲಾಭದ ಕೆಲಸ. ಬಹುತೇಕ ಅಭ್ಯಾಸದ ಗುಂಪುಗಳಲ್ಲಿ ಹೊಸಬರಿಗೆಂದೇ ಇಟ್ಟ ಸಾಮಾನುಗಳ ಪೆಟ್ಟಿಗೆ ಇರುತ್ತದೆ. ಬೆವರಿನ ವಾಸನೆ ಬರುತ್ತದೆ, ಅಳತೆ ಸರಿಹೊಂದುವುದಿಲ್ಲ, ಆದರೂ ಅದನ್ನೇ ತೊಡಿ. ನೀವು ಗುರಾಣಿಯವರಾಗುತ್ತೀರೋ ಈಟಿಯವರಾಗುತ್ತೀರೋ ತಿಳಿಯುವ ಮುನ್ನ ಕೊಂಡ ಕೈಕವಚ ಮುಂದೆ ನಿಮ್ಮ ಕೆಲಸಕ್ಕೆ ಬಾರದೆ ಹೋಗಬಹುದು. ನನ್ನ ಮನೆಯ ಗ್ಯಾರೇಜಿನಲ್ಲಿ ಅಂಥ ಒಂದು ಜೊತೆ ಹೊಚ್ಚಹೊಸದಾಗಿ ಕುಳಿತಿದೆ.

ಪಾತ್ರ ಯಾವುದೇ ಆದರೂ ಕಡ್ಡಾಯವಾಗಿ ಮುಚ್ಚಿರಬೇಕಾದ ಭಾಗಗಳು ತಲೆ, ಕುತ್ತಿಗೆ ಮತ್ತು ಅದರ ಹಿಂದಿನ ಬೆನ್ನೆಲುಬಿನ ಮೇಲ್ತುದಿ, ಮೊಣಕೈ, ಕೈ ಮತ್ತು ಮಣಿಕಟ್ಟು, ಮೂತ್ರಪಿಂಡಗಳಿರುವ ಸೊಂಟದ ಹಿಂಭಾಗ, ತೊಡೆಸಂದು, ಮೊಣಕಾಲು. ಇವನ್ನು ಸುರಕ್ಷತೆ ನೋಡಿಕೊಳ್ಳುವ ಮಾರ್ಷಲ್ ಒಬ್ಬರು ಪರೀಕ್ಷಿಸಿ ಒಪ್ಪಿದ ಮೇಲಷ್ಟೇ ಮೈದಾನಕ್ಕೆ ಇಳಿಯಬಹುದು.

## ಯಾರು ಏನು ಮಾಡುತ್ತಾರೆ

ಗುರಾಣಿ ಹಿಡಿದವನು ಸುಮ್ಮನೆ ಏಟು ತಿನ್ನೋಕೆ ನಿಂತವನಾ?

ಸಾಲುಕಾಳಗದಲ್ಲಿ ಗುರಾಣಿಯವರ ಮೊದಲ ಕರ್ತವ್ಯ ಕೊಲ್ಲುವುದಲ್ಲ, ತನ್ನ ಹಿಂದೆ ನಿಂತ ಈಟಿಯವರನ್ನು ಬದುಕಿಸುವುದು. ಆದ್ದರಿಂದ ದ್ವಂದ್ವದಲ್ಲಿ ಬಳಸುವ ಸಣ್ಣ ಗುಂಡು ಗುರಾಣಿ ಇಲ್ಲಿ ಸಾಲದು. ಗಲ್ಲದಿಂದ ಮೊಣಕಾಲಿನವರೆಗೆ ಮುಚ್ಚುವ, ಪ್ಲೈವುಡ್ಡಿನ ಅಥವಾ ಅಲ್ಯೂಮಿನಿಯಂ ತಗಡಿನ ಉದ್ದನೆಯ ಗುರಾಣಿ ಬೇಕು. ಅದರ ಅಂಚಿಗೆ ಸೀಳಿದ ರಬ್ಬರ್ ಕೊಳವೆಯನ್ನೋ ಚರ್ಮವನ್ನೋ ಹೊಲಿದಿರಬೇಕು, ಇಲ್ಲವಾದರೆ ಎದುರಾಳಿಯ ಬೆತ್ತವೂ ಪಕ್ಕದವನ ತೋಳೂ ಹಾಳು.

ಅಕ್ಕಪಕ್ಕದವರ ಗುರಾಣಿಯೊಡನೆ ನಿಮ್ಮ ಗುರಾಣಿಯ ಅಂಚು ಒಂದರ ಮೇಲೊಂದು ಕೂತಾಗ ಸಾಲು ಗೋಡೆಯಾಗುತ್ತದೆ. ಎದುರು ಸಾಲು ಓಡಿ ಬಂದು ಅಪ್ಪಳಿಸುವ ಕ್ಷಣದಲ್ಲಿ ಎಡಭುಜವನ್ನು ಗುರಾಣಿಯ ಒಳಮೈಗೆ ಒತ್ತಿ, ಹಿಂದಿನ ಕಾಲನ್ನು ನೆಲಕ್ಕೆ ನೆಟ್ಟು, ಉಸಿರು ಬಿಡಬೇಕು. ಉಸಿರು ಬಿಗಿಹಿಡಿದವರು ಮೊದಲು ಬೀಳುತ್ತಾರೆ. ಒಳಗಿನಿಂದ ಕಾಣುವುದು ಮುಂದಿನವನ ಗುರಾಣಿಯ ಬಣ್ಣ ಮತ್ತು ಒಂದು ಹಿಡಿ ಆಕಾಶ, ಅಷ್ಟೇ. ಕಿವಿಗೆ ಕೇಳುವುದು ಹಿಂದಿನವರು ‘ಎಡಕ್ಕೆ, ಎಡಕ್ಕೆ’ ಎಂದು ಕೂಗುವುದು. ಈ ಕೆಲಸಕ್ಕೆ ದೇಹದ ಗಾತ್ರ ಸಹಾಯಕ ನಿಜ, ಆದರೆ ಪಕ್ಕದವನನ್ನು ಬಿಟ್ಟು ಮುಂದೆ ನುಗ್ಗುವ ಚಪಲವಿಲ್ಲದಿರುವುದು ಅದಕ್ಕಿಂತ ಮುಖ್ಯ.

ಈಟಿಯವನಿಗೆ ಗುರಾಣಿಯೇ ಇಲ್ಲವಲ್ಲ, ಅವನು ಉಳಿಯೋದು ಹೇಗೆ?

ದೂರದಿಂದ. ಒಂಬತ್ತು ಅಡಿಯ ಈಟಿ ಸಾಮಾನ್ಯ. ಗುರಾಣಿಯ ಸಾಲಿನ ಹಿಂದೆ ನಿಂತು, ಎರಡು ಭುಜಗಳ ನಡುವಿನ ಸಂದಿಯಿಂದ ತಿವಿದು ಮರುಕ್ಷಣವೇ ಹಿಂದೆಳೆದುಕೊಳ್ಳುವುದು ಅವರ ರೀತಿ. ಇದರಿಂದ ಕೊಡುವುದಕ್ಕೆ ತಿವಿತವೊಂದೇ, ಬೀಸುವಂತಿಲ್ಲ. ತುದಿಗೆ ಒತ್ತಿದರೆ ಕುಗ್ಗುವ ಮೆತ್ತೆ ಕಡ್ಡಾಯ. ಸಾಲುಕಾಳಗದಲ್ಲಿ ಅತಿ ಹೆಚ್ಚು ಜನರನ್ನು ಕೆಡಹುವವರು ಸದ್ದಿಲ್ಲದ ಈ ಈಟಿಯವರೇ ಎಂಬುದು ನನ್ನ ಅನುಭವ, ಗುರಾಣಿಯವರು ಒಪ್ಪದಿದ್ದರೂ.

ಇವರ ನಡುವೆ ಮೂರನೆಯ ಬಗೆಯವರಿದ್ದಾರೆ. ಆರರಿಂದ ಏಳೂವರೆ ಅಡಿಯ ಗ್ಲೇವ್ ಅಥವಾ ಹಾಲ್ಬರ್ಡ್, ಅಂದರೆ ಉದ್ದ ಕೋಲಿನ ತುದಿಗೆ ಅಲಗೋ ಕೊಡಲಿಯೋ ಇರುವ ಆಯುಧ, ಹಿಡಿದವರು ತಿವಿಯಲೂ ಬಲ್ಲರು, ಮೇಲಿನಿಂದ ಕುಟ್ಟಲೂ ಬಲ್ಲರು, ಎದುರಿನ ಗುರಾಣಿಯನ್ನು ಕೆಳಗೆ ಒತ್ತಿ ಈಟಿಗೆ ದಾರಿ ಮಾಡಿಕೊಡಲೂ ಬಲ್ಲರು. ಗೋಡೆ ಒಡೆದು ಹೋರಾಟ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಈಟಿಯವರು ನಿರುಪಾಯರು, ಆಗ ಉಳಿಸುವವರು ಇವರು.

ಸಲಕರಣೆಯ ವ್ಯತ್ಯಾಸ ಎದ್ದು ಕಾಣುವುದು ಕೈಯಲ್ಲಿ. ಗುರಾಣಿಯವರ ಬಲಗೈಯನ್ನು ಕತ್ತಿಯ ಹಿಡಿಗೆ ಜೋಡಿಸಿದ ಉಕ್ಕಿನ ಬುಟ್ಟಿಯಂಥ ಕಾಪು ರಕ್ಷಿಸುತ್ತದೆ, ಎಡಗೈ ಗುರಾಣಿಯ ಹಿಂದೆ ಅಡಗಿರುತ್ತದೆ. ಹಾಗಾಗಿ ಮಣಿಕಟ್ಟು ಮುಚ್ಚುವ ಅರ್ಧ ಕೈಕವಚ ಸಾಕಾಗುತ್ತದೆ. ಈಟಿ ಅಥವಾ ಗ್ಲೇವ್ ಹಿಡಿದವರ ಎರಡೂ ಕೈ ಬಯಲಿನಲ್ಲಿರುವುದರಿಂದ ಬೆರಳ ತುದಿಯವರೆಗೆ ಉಕ್ಕಿನ ಪೂರ್ಣ ಕೈಕವಚ ಬೇಕೇ ಬೇಕು. ಮಣಿಕಟ್ಟಿನಿಂದ ಕೆಳಗೆ ಕೈಗೆ ಬಿದ್ದ ಏಟು ನಿಯಮದ ಲೆಕ್ಕಕ್ಕೆ ಬರುವುದಿಲ್ಲ, ಎಲುಬಿನ ಲೆಕ್ಕಕ್ಕೆ ಬರುತ್ತದೆ.

ಬಿಲ್ಲುಗಾರರು ಇರ್ತಾರಾ?

ಕೆಲವು ಕಾಳಗಗಳಲ್ಲಿ ಇರುತ್ತಾರೆ. ಬಿಲ್ಲಿನ ಎಳೆತ 30 ಪೌಂಡು ಮೀರಬಾರದು, ಬಾಣದ ತುದಿಗೆ ಅಗಲವಾದ ಮೊಂಡು ಮೆತ್ತೆ ಇರಬೇಕು. ಬಿಲ್ಲುಗಾರರೂ ಕವಚ ತೊಟ್ಟಿರಬೇಕು, ಏಕೆಂದರೆ ಮರುಬಾಣ ಬರುತ್ತದೆ.

ನನಗೆ ಹೊಡೆದಾಟ ಬೇಡ, ಆದರೆ ಮೈದಾನದಲ್ಲೇ ಇರಬೇಕು. ಜಾಗ ಉಂಟಾ?

ಉಂಟು, ಮತ್ತು ಆ ಜಾಗಗಳಿಗೆ ಜನ ಸದಾ ಕಡಿಮೆ. ಹಳದಿ ಕಪ್ಪು ಪಟ್ಟೆಯ ಕೋಲು ಹಿಡಿದ ಮಾರ್ಷಲರು ಸುರಕ್ಷತೆ ನೋಡುತ್ತಾರೆ. ಪಟ್ಟಿ ಕಳಚಿದ್ದು, ಯಾರೋ ಎಡವಿದ್ದು ಕಂಡರೆ ‘ಹೋಲ್ಡ್’ ಎಂದು ಕೂಗುತ್ತಾರೆ, ಆ ಮಾತು ಕೇಳಿದ ಪ್ರತಿಯೊಬ್ಬರೂ ಅದನ್ನು ಮತ್ತೆ ಕೂಗಿ ಇದ್ದಲ್ಲೇ ನಿಲ್ಲಬೇಕು. ಯಾರು ಬೇಕಾದರೂ, ನೋಡುವ ಮಗುವೂ, ‘ಹೋಲ್ಡ್’ ಕೂಗಬಹುದು. ಹೆರಾಲ್ಡರು ಹೋರಾಟಗಾರರ ಹೆಸರು ಸಾರುತ್ತಾರೆ. ನೀರು ಹೊತ್ತು ತಿರುಗುವವರು ಆಗಸ್ಟಿನ ಬಿಸಿಲಿನಲ್ಲಿ ಕಿತ್ತಳೆಯ ಹೋಳನ್ನೂ, ಉಪ್ಪುನೀರಿನಲ್ಲಿ ನೆನೆದ ಮಿಡಿಸೌತೆಯನ್ನೂ ಹಂಚುತ್ತಾರೆ. ಬೆವರಿನೊಡನೆ ಹೋದ ಉಪ್ಪು ಮರಳಿ ಬರುವುದು ಹಾಗೆ.

ಹೆಂಗಸರಿಗೆ ಬೇರೆ ಪಂದ್ಯವಾ?

ಇಲ್ಲ. ಹೆಣ್ಣು ಗಂಡು ಎಂಬ ವಿಭಾಗವೂ ಇಲ್ಲ, ಕುಸ್ತಿಯಲ್ಲಿರುವಂತೆ ತೂಕದ ವರ್ಗವೂ ಇಲ್ಲ. ಎಲ್ಲರೂ ಒಂದೇ ಕಣದಲ್ಲಿ ಹೋರಾಡುತ್ತಾರೆ, ಹೆಂಗಸರು ಕ್ರೌನ್ ಟೂರ್ನಮೆಂಟ್ ಗೆದ್ದು ಪಟ್ಟಕ್ಕೆ ಏರಿದ್ದಾರೆ. ಆದರೆ ಮಾರುಕಟ್ಟೆಯ ಸಿದ್ಧ ಕವಚಗಳು ಬಹುಪಾಲು ಗಂಡಸರ ಅಳತೆಗೆ ಬಡಿದವು. ಸೊಂಟಕ್ಕೂ ಎದೆಗೂ ಸರಿಹೊಂದುವಂತೆ ಅಳತೆ ಕೊಟ್ಟೇ ಮಾಡಿಸಬೇಕು.

## ಸಲಕರಣೆಯ ಒಳಹೊಕ್ಕು

ಹೆಲ್ಮೆಟ್ಟಿನ ಮುಖದ ಮೇಲೆ ಜೈಲಿನ ಕಂಬಿ ಯಾಕೆ? ಇದು ಇತಿಹಾಸದಲ್ಲಿ ಇತ್ತಾ?

ಇತ್ತು. 1460ರ ಸುಮಾರಿಗೆ ಫ್ರಾನ್ಸಿನ ಅಂಜೂ ದೊರೆ ರೆನೆ ರಚಿಸಿದ ಪಂದ್ಯಕಾಳಗದ ಕೈಪಿಡಿಯಲ್ಲಿ ಕಂಬಿಮುಖದ ಶಿರಸ್ತ್ರಾಣದ ಚಿತ್ರವೂ, ಮೊಂಡು ಕತ್ತಿ ಮತ್ತು ಮರದ ಗದೆಗಳ ವಿವರವೂ ಇವೆ. ಕೋಲಿನಲ್ಲಿ ಹೊಡೆದಾಡುವ ಪಂದ್ಯವನ್ನು ಆ ಕಾಲದ ಶ್ರೀಮಂತರು ತಾವೇ ಆಡುತ್ತಿದ್ದರು.

ಇಂದಿನ ಅಳತೆಗೆ ಸರಳ ತರ್ಕವಿದೆ: ಕಂಬಿಗಳ ನಡುವಿನ ಸಂದು ಒಂದು ಇಂಚನ್ನು ಮೀರಬಾರದು, ಬೆತ್ತ ಒಂದೂಕಾಲು ಇಂಚಿಗಿಂತ ತೆಳ್ಳಗಿರಬಾರದು. ಆದ್ದರಿಂದ ಕೋಲು ಒಳಗೆ ಹೊಗುವ ಪ್ರಶ್ನೆಯೇ ಇಲ್ಲ. ಮಾರ್ಷಲರು ಒಂದು ಇಂಚಿನ ಕಡ್ಡಿಯನ್ನು ಕಂಬಿಗಳ ನಡುವೆ ತೂರಿಸಿ ನೋಡುತ್ತಾರೆ. ತೂರಿದರೆ ಅಂದಿಗೆ ನಿಮ್ಮ ಹೋರಾಟ ಮುಗಿಯಿತು.

ತಲೆಯ ತಗಡು 16 ಗೇಜಿಗಿಂತ, ಎಂದರೆ ಸುಮಾರು 1.6 ಮಿಲಿಮೀಟರಿಗಿಂತ, ತೆಳ್ಳಗಿರಬಾರದು. ಅನುಭವಿಗಳು ಇನ್ನೂ ದಪ್ಪನೆಯ 14 ಅಥವಾ 12 ಗೇಜಿನದನ್ನು ಬಯಸುತ್ತಾರೆ. ಭಾರ ಹೆಚ್ಚಾಯಿತೆಂದು ಗೊಣಗಬೇಡಿ: ಏಟಿಗೆ ಹಗುರ ಶಿರಸ್ತ್ರಾಣ ಬೇಗ ಚಲಿಸುತ್ತದೆ, ಒಳಗಿನ ತಲೆಯೂ ಅದರೊಡನೆ ಚಲಿಸುತ್ತದೆ. ಕೊಳ್ಳುವಾಗ ಗಲ್ಲದ ಪಟ್ಟಿ ಬಿಗಿದು ತಲೆಯನ್ನು ಜೋರಾಗಿ ಅಲುಗಾಡಿಸಿ ನೋಡಿ. ಶಿರಸ್ತ್ರಾಣ ತಲೆಗಿಂತ ತಡವಾಗಿ ತಿರುಗಿದರೆ ಒಳಮೆತ್ತೆ ಸಾಲದು.

ಉಕ್ಕು, ಚರ್ಮ, ಪ್ಲಾಸ್ಟಿಕ್: ಯಾವುದು ಒಳ್ಳೇದು?

ಮೂರಕ್ಕಿಂತ ಮೊದಲು ಒಳಗಿನ ಬಟ್ಟೆಯ ಬಗ್ಗೆ ಯೋಚಿಸಬೇಕು. ಗ್ಯಾಂಬೆಸನ್ ಎಂದು ಕರೆಯುವ ಒಳಗವಚ ಬೇರೇನೂ ಅಲ್ಲ, ಅಂಗಿಯ ಆಕಾರಕ್ಕೆ ಕತ್ತರಿಸಿದ ಕೌದಿ. ಉತ್ತರ ಕರ್ನಾಟಕದ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಸಾಲುಹೊಲಿಗೆ ಹಾಕುತ್ತಿದ್ದ ಅದೇ ವಿದ್ಯೆ. ಏಟಿನ ಬಲವನ್ನು ತಗಡು ಹರಡುತ್ತದೆ, ಕೌದಿ ನುಂಗುತ್ತದೆ. ಒಂದಿಲ್ಲದೆ ಇನ್ನೊಂದು ಅರ್ಧ ಕೆಲಸ.

ಈಟಿಯವರಿಗೆ, ದಿನವಿಡೀ ಓಡುವವರಿಗೆ, ಬಟ್ಟೆಯ ಅಂಗಿಯೊಳಗೆ ಅಡಗಿಸಿದ ಪ್ಲಾಸ್ಟಿಕ್ ಹಾಳೆ ನಡೆಯುತ್ತದೆ, ನಿಯಮವೂ ಅಡ್ಡಿಪಡಿಸುವುದಿಲ್ಲ, ಹೊರಗೆ ಕಾಣದಿದ್ದರಾಯಿತು. ಸಾಲಿನ ಮುಂದೆ ನಿಂತು ಅಪ್ಪಳಿಕೆ ತಡೆಯುವವರಿಗೆ ಉಕ್ಕೇ ಸರಿ. ಚರ್ಮ ನೋಡಲು ಚೆಂದ, ಮಳೆಯಲ್ಲಿ ನೆನೆದರೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ನನ್ನ ಮೊದಲ ವರ್ಷ, ಹಿಂದಿನ ದಿನದ ಮಳೆಗೆ ಹಿಗ್ಗಿದ್ದ ಚರ್ಮದ ಪಟ್ಟಿ ಸಡಿಲಾಗಿ ಮೊಣಕೈ ಚಿಪ್ಪು ಒಂದೂವರೆ ಇಂಚು ಕೆಳಗೆ ಜಾರಿತ್ತು. ಏಟು ಬಿದ್ದದ್ದು ಸರಿಯಾಗಿ ಅಲ್ಲಿಗೇ. ಆರು ವಾರ ಎಡಗೈಯಲ್ಲಿ ಅನ್ನ ಕಲಸಿದೆ. ಅಂದಿನಿಂದ ಪಟ್ಟಿಯನ್ನು ಬಿಗಿದ ಮೇಲೆ ಅದರಡಿ ಬೆರಳು ತೂರಿಸಿ ನೋಡದೆ ಹೆಜ್ಜೆ ಎತ್ತುವುದಿಲ್ಲ.

ಮೊಣಕಾಲಿನ ಕೆಳಗೆ ಹೊಡೆಯಬಾರದು ಅಂತೀರಿ. ನಿಜವಾದ ಯುದ್ಧದಲ್ಲಿ ಹಾಗಿತ್ತಾ?

ಖಂಡಿತ ಇರಲಿಲ್ಲ, ಅದಕ್ಕೆ ನೆಲದಡಿಯ ಸಾಕ್ಷಿಯೇ ಇದೆ. 1361ರ ಜುಲೈ 27ರಂದು ಇಂದಿನ ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದ ವಿಸ್ಬಿ ಊರಿನ ಗೋಡೆಯ ಹೊರಗೆ ಡೆನ್ಮಾರ್ಕಿನ ದೊರೆ ನಾಲ್ಕನೆಯ ವಾಲ್ಡೆಮಾರನ ಸೈನ್ಯ ದ್ವೀಪದ ರೈತರನ್ನು ಕೊಚ್ಚಿಹಾಕಿತು. ಸತ್ತವರನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳಿದರು, ಅನೇಕರನ್ನು ಕವಚ ಸಮೇತ. ಬೇಸಿಗೆಯ ತಾಪಕ್ಕೆ ಹೆಣಗಳು ಬೇಗ ಕೊಳೆತದ್ದರಿಂದ ಕವಚ ಬಿಚ್ಚುವ ಗೋಜಿಗೆ ಹೋಗಲಿಲ್ಲ ಎಂಬುದು ವಿದ್ವಾಂಸರ ಊಹೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಗುಂಡಿಗಳನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಎಲುಬುಗಳು ಸಿಕ್ಕವು, ಅವುಗಳ ಮೇಲಿನ ಕಡಿತದ ಗಾಯಗಳಲ್ಲಿ ದೊಡ್ಡ ಪಾಲು ಮೊಣಕಾಲಿನ ಕೆಳಗಿನವು. ಗುರಾಣಿ ಮೇಲ್ಭಾಗವನ್ನು ಕಾಯುತ್ತಿದ್ದಾಗ ಕತ್ತಿ ಬರಿಗಾಲನ್ನು ಹುಡುಕಿಕೊಂಡಿತ್ತು.

ಹಾಗಾದರೆ ಎಸ್‌ಸಿಎ ನಿಯಮ ಸುಳ್ಳು ಹೇಳುತ್ತಿದೆಯೇ? ಒಂದು ಮಟ್ಟಿಗೆ ಹೌದು. ಮೊಣಕಾಲಿನ ಕೀಲು ಅಡ್ಡ ಏಟಿಗೆ ಮುರಿದರೆ ಜೀವಮಾನವಿಡೀ ಕುಂಟಬೇಕು, ಬಗ್ಗಿ ಕಾಲಿಗೆ ಗುರಿಯಿಡುವವನ ಕತ್ತು ಎದುರಾಳಿಯ ಏಟಿಗೆ ಒಡ್ಡಿಕೊಳ್ಳುತ್ತದೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಜನರ ಆಟಕ್ಕೆ ಈ ಸುಳ್ಳು ಅಗತ್ಯ. ಆದರೆ ಇದರ ಪರಿಣಾಮವಾಗಿ ನಮ್ಮ ಗುರಾಣಿಯವರು ಕಾಲನ್ನು ಮರೆತು ನಿಲ್ಲುವ ಭಂಗಿ ಕಲಿಯುತ್ತಾರೆ ಎಂಬುದನ್ನು ಮುಚ್ಚಿಡಬಾರದು.

ವಿಸ್ಬಿಯ ಗುಂಡಿಗಳಿಂದ ನಮಗೆ ಇನ್ನೊಂದು ಉಪಕಾರವಾಗಿದೆ. ಅಲ್ಲಿ ಸಿಕ್ಕ ಕವಚಗಳು ಅಂಗಿಯ ಒಳಮೈಗೆ ಸಣ್ಣ ಸಣ್ಣ ಕಬ್ಬಿಣದ ಪಟ್ಟಿಗಳನ್ನು ರಿವೆಟ್ ಹಾಕಿ ಕೂರಿಸಿದವು. ಸುತ್ತಿಗೆ, ರಂಧ್ರ ಕೊರೆಯುವ ಯಂತ್ರ, ಒಂದಿಷ್ಟು ತಗಡು ಇದ್ದರೆ ಮನೆಯಲ್ಲೇ ಮಾಡಬಹುದಾದ್ದರಿಂದ ಇಂದಿಗೂ ಹೊಸಬರ ಮೊದಲ ಎದೆಕವಚ ಬಹಳ ಸಲ ವಿಸ್ಬಿ ಮಾದರಿಯದೇ ಆಗಿರುತ್ತದೆ.

## ಸ್ವಲ್ಪ ಪಳಗಿದವರಿಗೆ

ಇದೇ ಕವಚ ತೊಟ್ಟು ಬುಹುರ್ಟ್‌ಗೆ ಇಳಿಯಬಹುದಾ?

ಹಾಗೆಯೇ ಇಳಿಯಬಾರದು. ಬುಹುರ್ಟ್ ಎಂದರೆ ತಂಡ ಕಟ್ಟಿ ಆಡುವ ಇನ್ನೊಂದು ಪದ್ಧತಿಯ ಕವಚಕಾಳಗ. ಬುಹುರ್ಟ್‌ನಲ್ಲಿ ಆಯುಧ ಬೆತ್ತದ್ದಲ್ಲ, ಅಂಚು ಮೊಂಡಾಗಿಸಿದ ಉಕ್ಕಿನದು. ಒಂದು ಇಂಚಿನ ಸಂದು ಬೆತ್ತವನ್ನು ತಡೆಯುತ್ತದೆ, ಉಕ್ಕಿನ ಅಲಗನ್ನು ತಡೆಯುವುದಿಲ್ಲ; ನಿಮ್ಮ ಕಂಬಿಮುಖ ಅಲ್ಲಿ ಅಪಾಯಕಾರಿ. ಅಲ್ಲದೆ ಕವಚದ ಭಾಗಗಳೆಲ್ಲ ಒಂದೇ ಕಾಲ, ಒಂದೇ ಪ್ರದೇಶಕ್ಕೆ ಹೊಂದಬೇಕೆಂಬ ಅವರ ಪಟ್ಟು ಬಿಗಿ, ಪ್ಲಾಸ್ಟಿಕ್ಕಿಗೆ ಜಾಗವಿಲ್ಲ.

ಸೋಲಿನ ಅರ್ಥವೂ ಬೇರೆ. ಅಲ್ಲಿ ಯಾರೂ ‘ಗುಡ್’ ಎನ್ನುವುದಿಲ್ಲ. ಎರಡು ಪಾದಗಳಲ್ಲದೆ ದೇಹದ ಮೂರನೆಯ ಭಾಗ ನೆಲ ಮುಟ್ಟಿದರೆ ಆಟದಿಂದ ಹೊರಗೆ. ತಿವಿತ ನಿಷಿದ್ಧ, ಆದ್ದರಿಂದ ಈಟಿಯವರ ಪಾತ್ರವೇ ಇಲ್ಲ. ಐದು ಜನರ ತಂಡದಲ್ಲಿ ಕೆಲವರು ಕಣದ ಬೇಲಿಗೆ ಒರಗಿ ಎದುರಾಳಿಗಳನ್ನು ಹಿಡಿದಿಡುತ್ತಾರೆ, ಚುರುಕಾದ ಒಬ್ಬಿಬ್ಬರು ಓಡಿ ಬಂದು ಹಿಂದಿನಿಂದ ಡಿಕ್ಕಿ ಹೊಡೆದು ಕೆಡಹುತ್ತಾರೆ. ಕತ್ತಿವರಸೆಗಿಂತ ಗರಡಿಮನೆಯ ಪಟ್ಟುಗಳು ಅಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸರ್, ಯುರೋಪಿನ ನೈಟ್ ಆಗಲೇಬೇಕಾ? ವಿಜಯನಗರದ ಯೋಧನಾಗಿ ಇಳಿಯಬಾರದಾ?

ಇಳಿಯಬಹುದು. ಎಸ್‌ಸಿಎ ಮೂಲತಃ ಯುರೋಪನ್ನು ಕೇಂದ್ರವಾಗಿಟ್ಟುಕೊಂಡದ್ದಾದರೂ ಹದಿನೇಳನೆಯ ಶತಮಾನಕ್ಕಿಂತ ಮುಂಚಿನ ಬೇರೆ ನಾಡುಗಳ ವೇಷಕ್ಕೂ ಎಡೆಯಿದೆ. ಕಷ್ಟವೆಂದರೆ ನಮ್ಮ ವೀರಗಲ್ಲುಗಳಲ್ಲಿ ಕಾಣುವ ಯೋಧರು ಬಹುಪಾಲು ಬರಿಮೈಯವರು. ಹಾಗೆ ನಿಂತರೆ ಮಾರ್ಷಲ್ ಒಪ್ಪುವುದಿಲ್ಲ.

ದಾರಿ ತೋರಿಸುವವನು ಡೊಮಿಂಗೊ ಪಾಯಸ್. 1520ರ ಸುಮಾರಿಗೆ ಕೃಷ್ಣದೇವರಾಯನ ಸೈನ್ಯದ ಪ್ರದರ್ಶನವನ್ನು ಕಣ್ಣಾರೆ ಕಂಡ ಆ ಪೋರ್ಚುಗೀಸ್ ಪ್ರವಾಸಿ, ಕುದುರೆ ಸವಾರರು ಗಟ್ಟಿ ಚರ್ಮದ ಪದರಗಳಿಗೆ ಕಬ್ಬಿಣದ ಪಟ್ಟಿ ಕೂರಿಸಿ ಹೊಲಿದ, ಮೇಲೆ ರೇಷ್ಮೆ ಮಖಮಲ್ಲು ಹೊದಿಸಿದ ಅಂಗಿಗಳನ್ನು ತೊಟ್ಟಿದ್ದರೆಂದೂ, ಅವರ ತಲೆಗಾಪಿಗೆ ಕತ್ತು ಮುಚ್ಚುವ ಅಂಚೂ ಮುಖ ಕಾಯುವ ಭಾಗವೂ ಇದ್ದವೆಂದೂ ಬರೆದಿದ್ದಾನೆ. ಪದರದ ಅಂಗಿಯೊಳಗೆ ಲೋಹದ ಪಟ್ಟಿ ಎಂಬ ಉಪಾಯ ವಿಸ್ಬಿಯ ಕವಚಕ್ಕೆ ಹತ್ತಿರದ್ದೇ. ಆದ್ದರಿಂದ ಒಳಗೆ ವಿಸ್ಬಿ ಮಾದರಿಯ ಪಟ್ಟಿಕವಚ, ಹೊರಗೆ ಮಖಮಲ್ಲಿನ ಉದ್ದನೆಯ ಹೊಲಿಗೆಯಂಗಿ, ಕೈಯಲ್ಲಿ ಗುಂಡು ಗುರಾಣಿ: ಸುರಕ್ಷತೆಗೂ ಕುಂದಿಲ್ಲ, ಹಂಪೆಗೂ ಅವಮಾನವಿಲ್ಲ. ಮುಖದ ಕಂಬಿ ಮಾತ್ರ ಈ ಕಾಲದ ರಾಜಿ, ಅದನ್ನು ಯಾವ ವೇಷದವರೂ ಬಿಡುವಂತಿಲ್ಲ.

ದೊಡ್ಡ ಕಾಳಗದಲ್ಲಿ ಮೊದಲ ನಿಮಿಷಕ್ಕೇ ಸತ್ತರೆ ಏನು ಮಾಡೋದು? ಇಡೀ ದಿನ ದಂಡವಾ?

ಪೆನ್ಸಿಲ್ವೇನಿಯಾದ ಸ್ಲಿಪರಿ ರಾಕ್ ಬಳಿ, 1972ರಲ್ಲಿ ಆರಂಭವಾಗಿ ಈಗ ಹತ್ತು ಸಾವಿರದಷ್ಟು ಜನ ಸೇರುವ, ಇದೇ ಸಂಸ್ಥೆಯ ಪೆನ್ಸಿಕ್ ಯುದ್ಧಕ್ಕೆ ಮೊದಲ ಸಲ ಹೋಗುವವರೆಲ್ಲ ಕೇಳುವ ಪ್ರಶ್ನೆಯಿದು. ಒಂದೇ ಜೀವದ ಕಾಳಗವಾದರೆ ಗುರಾಣಿಯನ್ನು ತಲೆಯ ಮೇಲೆ ಎತ್ತಿ ಹಿಡಿದು, ‘ಸತ್ತಿದ್ದೇನೆ’ ಎಂದು ಕೂಗುತ್ತ ಹೊರಬರಬೇಕು. ನೂಕುನುಗ್ಗಲಿನಲ್ಲಿ ದಾರಿ ಸಿಗದಿದ್ದರೆ ಗುರಾಣಿಯ ಕೆಳಗೆ ಮುದುಡಿ ಮಲಗಬೇಕು, ಬೇರೆಯವರು ನಿಮ್ಮನ್ನು ದಾಟಿಕೊಂಡು ಹೋಗುತ್ತಾರೆ. ಮರುಹುಟ್ಟಿನ ಕಾಳಗವಾದರೆ ಮೈದಾನದ ಅಂಚಿನಲ್ಲಿರುವ ನಿಮ್ಮ ಪಕ್ಷದ ಬಾವುಟವನ್ನು ಮುಟ್ಟಿದ ಕೂಡಲೇ ಮತ್ತೆ ಜೀವ. ಆ ಬಾವುಟದ ಬಳಿ ನೀರಿನವರು ನಿಂತಿರುತ್ತಾರೆ. ಒಂದು ಗುಟುಕು ಕುಡಿದು, ಪಟ್ಟಿಗಳಡಿ ಬೆರಳು ತೂರಿಸಿ ನೋಡಿ, ಮತ್ತೆ ಸಾಲಿಗೆ ಹೋಗಿ ನಿಂತುಕೊಳ್ಳಿ.